ಗಾಂಧಿಪುರಂನಲ್ಲಿ ಕನ್ನಡಿಗರು ಎಷ್ಟು ಮಂದಿ?

ಕೊಯಮತ್ತೂರು ನಗರಕ್ಕೆ ಬಸ್ಸಿನಲ್ಲಿ ಬರುವವರಿಗೆ ಗಾಂಧಿಪುರಂ ಹೆಬ್ಬಾಗಿಲಿನಂತೆ. ಹೊರ ಊರುಗಳ ಬಸ್ಸುಗಳಿಗೆ ಒಂದು ನಿಲ್ದಾಣ, ಊರೊಳಗೆ ಓಡಾಡುವ ಬಸ್ಸುಗಳಿಗೆ ಇನ್ನೊಂದು, ದೂರದ ಪಟ್ಟಣಗಳಿಗೆ ಹೋಗುವ ಸರ್ಕಾರಿ ಬಸ್ಸುಗಳಿಗೆ ಮತ್ತೊಂದು, ಖಾಸಗಿ ಬಸ್ಸುಗಳಿಗೆ ಬೇರೆಯೇ ಒಂದು. ಸ್ವಲ್ಪ ನಡೆದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಸುತ್ತಲೂ ವಸತಿಗೃಹಗಳು, ಊಟದ ಮನೆಗಳು, ಕ್ರಾಸ್‌ಕಟ್ ರಸ್ತೆಯುದ್ದಕ್ಕೂ ಜವಳಿ ಅಂಗಡಿಗಳು. ಇವುಗಳ ಹಿಂದೆ ಜನವಸತಿಯ ಬೀದಿಗಳಿವೆ. ಆ ಬೀದಿಗಳಿಗೆ ದೇವರ ಹೆಸರಾಗಲಿ ಧುರೀಣರ ಹೆಸರಾಗಲಿ ಇಲ್ಲ. ಒಂದನೆಯ ಬೀದಿ, ಎರಡನೆಯ ಬೀದಿ, ಮೂರನೆಯ ಬೀದಿ ಎಂದು ಅಂಕಿಗಳೇ ಹೆಸರಾಗಿವೆ.

ಈ ನಿಲ್ದಾಣದಲ್ಲಿ ಮೈಸೂರು, ಬೆಂಗಳೂರುಗಳ ಫಲಕ ಹೊತ್ತ ಕರ್ನಾಟಕದ ಬಸ್ಸುಗಳು ಕಾಣಸಿಗುತ್ತವೆ. ನಿರ್ವಾಹಕರು "ಸತ್ತಿ, ಸತ್ತಿ" ಎಂದು ಕೂಗುತ್ತಿರುತ್ತಾರೆ. ಸತ್ಯಮಂಗಲಕ್ಕೆ ಈ ಸೀಮೆಯ ಜನ ಕೊಟ್ಟಿರುವ ಮುದ್ದಿನ ಹೆಸರು ಅದು. ಗಾಂಧಿಪುರಂನಿಂದ ಹೊರಡುವ ಸತ್ತಿ ರಸ್ತೆ ಶರವಣಂಪಟ್ಟಿ, ಅನ್ನೂರು, ಪುಳಿಯಂಪಟ್ಟಿಗಳನ್ನು ದಾಟಿ ಸತ್ಯಮಂಗಲವನ್ನು ಸೇರುತ್ತದೆ. ಅಲ್ಲಿಂದ ಬಣ್ಣಾರಿ ಅಮ್ಮನ ಸನ್ನಿಧಿ. ಅನಂತರ ಇಪ್ಪತ್ತೇಳು ತಿರುವುಗಳ ದಿಂಬಂ ಘಾಟಿ. ಘಾಟಿ ಹತ್ತಿದರೆ ಹಾಸನೂರು, ಅದರಾಚೆ ಚಾಮರಾಜನಗರ. ಮೈಸೂರು ಸೀಮೆಯಿಂದ ಕೊಂಗುನಾಡಿಗೆ ಕನ್ನಡವು ಇಳಿದು ಬಂದದ್ದು ಬಹುಮಟ್ಟಿಗೆ ಈ ಬೆಟ್ಟಸಾಲಿನ ಕಣಿವೆಗಳ ಮೂಲಕವೇ.

ಈ ಸಲದ ಶಾಲಾ ರಜೆಯಲ್ಲಿ ಆ ಘಾಟಿಯನ್ನಿಳಿದು ಬಂದು ಗಾಂಧಿಪುರಂನಲ್ಲಿ ನಾಲ್ಕು ದಿನ ತಂಗಿದ್ದೆನು. ನೋಡತಕ್ಕ ದೇವಾಲಯಗಳೂ ಮರುದಮಲೆಯಂತಹ ಬೆಟ್ಟಗಳೂ ಇಲ್ಲಿ ಬೇಕಾದಷ್ಟಿವೆ. ಆದರೆ ನನ್ನ ಮನಸ್ಸು ನೆಟ್ಟದ್ದು ಇಲ್ಲಿನ ಜನರ ಮೇಲೆ. ಈ ಊರಿನಲ್ಲಿರುವವರು ಯಾರು? ಎಲ್ಲಿಂದ ಬಂದರು? ಮನೆಯಲ್ಲಿ ಯಾವ ನುಡಿಯನ್ನಾಡುತ್ತಾರೆ? ಅವರಲ್ಲಿ ನಮ್ಮವರು ಎಷ್ಟು ಮಂದಿ? ಗಡಿಯಾಚೆಯ ಕನ್ನಡ ಮನೆಗಳಿಗಾಗಿ ನಡೆಯುವ ಈ ಮಾಸಪತ್ರಿಕೆಯ ವಾಚಕರಿಗೆ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಅವರ ಮನೆಯದೇ ಪ್ರಶ್ನೆ.

ನಗರವು ಬೆಳೆದ ಬಗೆ

1901ರಲ್ಲಿ ಕೊಯಮತ್ತೂರು ಪಟ್ಟಣದ ಜನಸಂಖ್ಯೆ ಸುಮಾರು 53,000. ಹತ್ತು ವರ್ಷಗಳ ಅನಂತರ ಅದು ಹೆಚ್ಚುವುದರ ಬದಲು 47,000ಕ್ಕೆ ಇಳಿಯಿತು. ಪ್ಲೇಗು ಮಾರಿಯು ಈ ಪಟ್ಟಣವನ್ನು ಬಾಧಿಸಿದ ಕಾಲವದು. ಇಂದಿಗೂ ಇಲ್ಲಿ "ಪ್ಲೇಗ್ ಮಾರಿಯಮ್ಮ" ಎಂಬ ಹೆಸರಿನ ಗುಡಿಗಳಿವೆ. ರೋಗದ ಹೆಸರನ್ನೇ ದೇವಿಗೆ ಇಟ್ಟು ಪೂಜಿಸಿದ ಜನರ ಭಯ ಎಷ್ಟಿದ್ದಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು. ಅದೇ ಪಟ್ಟಣವು 2011ರ ಗಣತಿಯ ಹೊತ್ತಿಗೆ 10,50,721 ಜನರ ಮಹಾನಗರವಾಗಿತ್ತು. ಜಿಲ್ಲೆಯ ಜನಸಂಖ್ಯೆ 34,58,045.

ಈ ಬೆಳವಣಿಗೆಗೆ ಮುಖ್ಯ ಕಾರಣ ಹತ್ತಿ. ಸುತ್ತಣ ಕಪ್ಪು ನೆಲದಲ್ಲಿ ಹತ್ತಿ ಬೆಳೆಯುತ್ತಿತ್ತು. 1888ರಲ್ಲಿ ಮೊದಲನೆಯ ನೂಲಿನ ಗಿರಣಿ ಬಂದಿತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲಪಾತದಿಂದ ವಿದ್ಯುಚ್ಛಕ್ತಿ ಹರಿದುಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ಎದ್ದವು. ಗಿರಣಿಯ ಯಂತ್ರಗಳನ್ನು ದುರಸ್ತಿ ಮಾಡಲು ಎರಕದ ಮನೆಗಳು, ಅವುಗಳಿಂದ ನೀರೆತ್ತುವ ಪಂಪುಗಳ ಕಾರ್ಖಾನೆಗಳು ಹುಟ್ಟಿದವು. ಅತ್ತ ತಿರುಪ್ಪೂರು ಬನಿಯನ್ ಹೆಣಿಗೆಗೆ ಹೆಸರಾಗಿ, 2009ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಕೆಲಸವಿದ್ದಲ್ಲಿಗೆ ಜನ ಬರುವುದು ಲೋಕದ ರೂಢಿ. ಪಶ್ಚಿಮದಲ್ಲಿ ಪಾಲಕ್ಕಾಡಿನ ಬಳಿ ಸಹ್ಯಾದ್ರಿಯು ತಗ್ಗಿ ಬಾಗಿಲು ಬಿಟ್ಟಿದೆ; ಆ ದಾರಿಯಲ್ಲಿ ಮಲಯಾಳಿಗಳು ಬಂದರು. ತೆಲುಗು ಮಾತಾಡುವ ನಾಯ್ಡುಗಳು ಹಲವು ತಲೆಮಾರುಗಳ ಹಿಂದೆಯೇ ಬಂದು ಬೇಸಾಯದಲ್ಲಿ ನೆಲೆಗೊಂಡು, ಮುಂದೆ ಗಿರಣಿಗಳನ್ನೂ ಕಟ್ಟಿದರು. ಗುಜರಾತಿ, ಮಾರವಾಡಿ ವರ್ತಕರು ಬಂದರು. ಇತ್ತೀಚಿನ ದಶಕಗಳಲ್ಲಿ ಬಿಹಾರ, ಒಡಿಶಾ ಮೊದಲಾದ ರಾಜ್ಯಗಳ ಕಾರ್ಮಿಕರು ಬರುತ್ತಿದ್ದಾರೆ. ಗಾಂಧಿಪುರಂನ ಒಂದು ಚಹಾ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಐದು ಭಾಷೆಗಳು ಕಿವಿಗೆ ಬೀಳುತ್ತವೆ.

2011ರ ಗಣತಿಯಂತೆ ಕೊಯಮತ್ತೂರು ಜಿಲ್ಲೆಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಯ ತಾಯ್ನುಡಿ ತಮಿಳು. ಸುಮಾರು ಹದಿನೇಳು ಮಂದಿಯದು ತೆಲುಗು. ಸುಮಾರು ಆರು ಮಂದಿಯದು ಕನ್ನಡ. ಅದಕ್ಕಿಂತ ತುಸು ಕಡಮೆ ಮಲಯಾಳ. ನೂರಕ್ಕೆ ಆರು ಎಂದರೆ ಎರಡು ಲಕ್ಷಕ್ಕೂ ಮಿಗಿಲಾದ ಕನ್ನಡಿಗರು. ಮೂರು ದಿನ ಈ ಬೀದಿಗಳಲ್ಲಿ ಅಲೆದರೂ ಕನ್ನಡ ಅಕ್ಷರವಿರುವ ಒಂದು ನಾಮಫಲಕವನ್ನು ನಾನು ಕಾಣಲಿಲ್ಲ. ಬಸ್ಸುಗಳ ಫಲಕಗಳಷ್ಟೇ ಕನ್ನಡದಲ್ಲಿದ್ದವು. ಎರಡು ಲಕ್ಷ ಜನ ಎಲ್ಲಿದ್ದಾರೆ?

ಈ ನೆಲದ ಹಳೆಯ ಕನ್ನಡಿಗರು

ಬೆಂಗಳೂರಿನಿಂದ ಬ್ಯಾಂಕಿಗೋ ಕಂಪನಿಗೋ ವರ್ಗವಾಗಿ ಬಂದವರು, ಹೋಟೆಲು ನಡೆಸಲು ಕರಾವಳಿಯಿಂದ ಬಂದವರು ಎಂಬ ಒಂದು ಗುಂಪು ಎಲ್ಲ ನಗರಗಳಲ್ಲೂ ಇರುವಂತೆ ಇಲ್ಲಿಯೂ ಇದೆ. ಆದರೆ ಇಲ್ಲಿಯ ಕನ್ನಡಿಗರಲ್ಲಿ ಬಹುಪಾಲು ಅವರಲ್ಲ. ಮೊದಲನೆಯ ಗಿರಣಿ ಬರುವುದಕ್ಕೆ ಎಷ್ಟೋ ಮುಂಚೆ ಬಂದು ನೆಲೆಸಿದವರು ಅವರು.

ಹೊಯ್ಸಳರ ಕಾಲದ ದಣ್ಣಾಯಕರು ಸತ್ಯಮಂಗಲದ ಬಳಿ ಕಟ್ಟಿದ ಕೋಟೆ ದಣ್ಣಾಯಕನ ಕೋಟೆಯೆಂದೇ ಹೆಸರಾಗಿತ್ತು. 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟಿನ ನೀರು ಅದನ್ನು ಮುಳುಗಿಸಿತು. ನೀರು ಬಹಳ ಇಳಿದ ವರ್ಷಗಳಲ್ಲಿ ಅಲ್ಲಿಯ ದೇವಾಲಯದ ಕಲ್ಲುಗಳು ತಲೆಯೆತ್ತುವುದುಂಟು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರು ಕೊಂಗುನಾಡಿನ ಈ ಭಾಗವನ್ನು ವಶಪಡಿಸಿಕೊಂಡರು. ಹೈದರನೂ ಟಿಪ್ಪುವೂ ಗಜ್ಜಲಹಟ್ಟಿ ಕಣಿವೆಯ ಮೂಲಕ ಸೈನ್ಯಗಳನ್ನು ಇಲ್ಲಿಗೆ ಇಳಿಸಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಕೊಯಮತ್ತೂರು ಕಂಪನಿ ಸರ್ಕಾರದ ಪಾಲಾಯಿತು. ದೊರೆತನ ಹೋಯಿತು, ಅದರ ಜೊತೆಗೂ ಅದಕ್ಕೆ ಮೊದಲೂ ಬಂದಿದ್ದ ಪ್ರಜೆಗಳು ಉಳಿದರು.

ಇವರಲ್ಲಿ ಮಗ್ಗದ ಕಸುಬಿನ ದೇವಾಂಗರು ಮುಖ್ಯರು. ದೇವಾಂಗರಲ್ಲಿ ತೆಲುಗು ಮಾತಾಡುವವರೂ ಕನ್ನಡ ಮಾತಾಡುವವರೂ ಇದ್ದಾರೆ. ಕೊಯಮತ್ತೂರಿನ ರಾಜಬೀದಿಯಲ್ಲಿ ಅವರ ಕುಲದೇವತೆ ರಾಮಲಿಂಗ ಚೌಡೇಶ್ವರಿಯ ಗುಡಿಯಿದೆ. ವಿಜಯದಶಮಿಯ ದಿನ ಗಂಡಸರು ಅಲಗನ್ನು ಹಿಡಿದು ಮೈಗೆ ಹೊಡೆದುಕೊಳ್ಳುತ್ತ ಮೆರವಣಿಗೆಯಲ್ಲಿ ದೇವಿಯನ್ನು ಕರೆತರುವುದನ್ನು ನೋಡಲು ಊರೇ ನೆರೆಯುತ್ತದೆ. ಬೇಸಾಯದ ಒಕ್ಕಲಿಗರು ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಅನುಪ್ಪರು, ಕುರುಬರು, ತೊರೆಯರು ಮುಂತಾದ ಸಮುದಾಯಗಳನ್ನು ಕನ್ನಡವಾಡುವವರೆಂದು ಹಳೆಯ ಗ್ರಂಥಗಳೇ ಗುರುತಿಸಿವೆ. ನೀಲಗಿರಿಯಿಂದ ಓದಿಗೂ ಉದ್ಯೋಗಕ್ಕೂ ಇಳಿದುಬಂದ ಬಡಗರ ಮನೆಗಳೂ ಇಲ್ಲಿವೆ. ಬಡಗರ ನುಡಿಯನ್ನು ಸ್ವತಂತ್ರ ಭಾಷೆಯೆಂದು ಎಣಿಸುವ ವಿದ್ವಾಂಸರಿದ್ದಾರೆ. ಗಣತಿಯ ಪಟ್ಟಿಯಲ್ಲಿ ಮಾತ್ರ ಅದು ಕನ್ನಡದ ಗುಂಪಿನಲ್ಲಿ ಸೇರಿದೆ. 2011ರಲ್ಲಿ ದೇಶದಲ್ಲಿ ಸುಮಾರು 1,33,500 ಮಂದಿ ಬಡಗವನ್ನು ತಾಯ್ನುಡಿಯೆಂದು ಹೇಳಿದರು.

ಕದಲಿದ್ದು ಗಡಿ

ಜನಸಂಖ್ಯೆಯ ಲೆಕ್ಕವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಜನ ಕದಲದೆಯೂ ಲೆಕ್ಕ ಕದಲಬಹುದು. ಕೊಯಮತ್ತೂರು ಜಿಲ್ಲೆಗೆ ಇದು ಚೆನ್ನಾಗಿ ಅನ್ವಯಿಸುತ್ತದೆ. 1868ರಲ್ಲಿ ನೀಲಗಿರಿಯನ್ನು ಈ ಜಿಲ್ಲೆಯಿಂದ ಬೇರ್ಪಡಿಸಿದರು, ಬಡಗರು ಬೇರೆಯಾದರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಈ ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಕನ್ನಡಿಗರ ಒಂದು ಇಡೀ ತಾಲ್ಲೂಕು ಜಿಲ್ಲೆಯ ಲೆಕ್ಕದಿಂದ ಹೊರಹೋಯಿತು. 1979ರಲ್ಲಿ ಈರೋಡು ಪ್ರತ್ಯೇಕ ಜಿಲ್ಲೆಯಾದಾಗ ಸತ್ಯಮಂಗಲವೂ ಬೆಟ್ಟದ ಮೇಲಣ ತಾಳವಾಡಿಯೂ ಅತ್ತ ಹೋದವು. ಕನ್ನಡ ಮಾಧ್ಯಮದ ಶಾಲೆಗಳಿರುವುದು ಆ ತಾಳವಾಡಿ ಸೀಮೆಯಲ್ಲಿ. ಹೀಗೆ ಮೂರು ಸಲ ಕತ್ತರಿಸಿದ ಮೇಲೆ ಕೊಯಮತ್ತೂರು ಜಿಲ್ಲೆಯ ಕನ್ನಡಿಗರು, ಗುಂಪಾಗಿ ಬಾಳುವ ತಮ್ಮ ನೆಂಟರಿಂದ ಕಾಗದದ ಮೇಲೆ ದೂರವಾದರು.

ಡಾ. ರಾಜಕುಮಾರ್ ಅವರು 1929ರಲ್ಲಿ ಜನಿಸಿದ ಗಾಜನೂರು ತಾಳವಾಡಿಯ ಸಮೀಪದ ಹಳ್ಳಿ. ಅಂದಿನ ಲೆಕ್ಕದಲ್ಲಿ ಅದು ಕೊಯಮತ್ತೂರು ಜಿಲ್ಲೆ. ಕನ್ನಡಿಗರೆಲ್ಲ ತಮ್ಮವನೆಂದು ಕೊಂಡಾಡಿದ ಆ ನಟನನ್ನು ಜಿಲ್ಲೆಯ ಹೆಸರಿನಿಂದ ಗುರುತಿಸಹೊರಟರೆ ಕೊಯಮತ್ತೂರಿನವರೆನ್ನಬೇಕಾಗುತ್ತದೆ! ಗಡಿರೇಖೆಯು ಮನುಷ್ಯನ ನುಡಿಯನ್ನು ಹೇಳಲಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬಾಯಿ ಕನ್ನಡ, ಕೈ ಕನ್ನಡ

ಮೂರನೆಯ ದಿನ ಪರಿಚಿತರೊಬ್ಬರ ಜೊತೆಯಲ್ಲಿ ಸತ್ತಿ ರಸ್ತೆಯ ಬಸ್ಸು ಹತ್ತಿ ಒಂದು ನೇಕಾರರ ಹಳ್ಳಿಗೆ ಹೋದೆನು. ಬೀದಿಗೆ ಕಾಲಿಡುತ್ತಲೇ ಮಗ್ಗದ ಸದ್ದು. ಹಿಂದೆ ಪ್ರತಿ ಮನೆಯಲ್ಲೂ ಕೈಮಗ್ಗವಿತ್ತಂತೆ. ಈಗ ಕೆಲವೇ ಮನೆಗಳಲ್ಲಿವೆ, ಉಳಿದವರು ವಿದ್ಯುತ್ ಮಗ್ಗಕ್ಕೋ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಹೋಗುತ್ತಾರೆ. ನಮ್ಮನ್ನು ಬರಮಾಡಿಕೊಂಡವರು ಎಂಬತ್ತರ ಅಂಚಿನಲ್ಲಿರುವ ಒಬ್ಬ ಹಿರಿಯರು. ಅವರ ಕನ್ನಡ ತಮಿಳಿನ ನೆರಳು ಬಿದ್ದ ಕನ್ನಡ. ಆದರೆ ಅದರಲ್ಲಿ ನಮ್ಮ ಕಡೆ ಮರೆಯಾಗಿರುವ ಎಷ್ಟೋ ಮಗ್ಗದ ಮಾತುಗಳು ಜೀವಂತವಾಗಿದ್ದವು.

"ನಮ್ಮದು ಬಾಯಿ ಕನ್ನಡ ಮೇಷ್ಟ್ರೇ. ಕೈ ಕನ್ನಡ ನಮ್ಮಪ್ಪನ ಜೊತೇಲೇ ಹೋಯ್ತು" ಎಂದರು ಅವರು. ಒಳಗಿನಿಂದ ಅವರ ಮಡದಿ, "ಓದೋಕೆ ಬರಲ್ಲ, ಬಯ್ಯೋಕೆ ಮಾತ್ರ ಕನ್ನಡವೇ ಬೇಕು ಇವರಿಗೆ" ಎಂದು ನಕ್ಕರು.

ಮಾತಿನ ನಡುವೆ ಹಿರಿಯರು ಎದ್ದುಹೋಗಿ ಒಂದು ತಗಡಿನ ಪೆಟ್ಟಿಗೆಯನ್ನು ತಂದರು. ಅದರಲ್ಲಿ ಹಳದಿಯಾದ ಮೂರು ಅಂಚೆ ಕಾಗದಗಳಿದ್ದವು. ಅವರ ತಂದೆಯ ತಂಗಿಯನ್ನು ಕೊಳ್ಳೇಗಾಲಕ್ಕೆ ಕೊಟ್ಟಿತ್ತು. ಆ ಮದುವೆಯಾದಾಗ ಎರಡೂ ಊರುಗಳು ಒಂದೇ ಜಿಲ್ಲೆ. ತಂದೆ ಕನ್ನಡ ಓದಿ ಬರೆಯಬಲ್ಲವರಾಗಿದ್ದರು. ಅಣ್ಣ ತಂಗಿಯರ ನಡುವೆ ಕಾಗದಗಳು ಓಡಾಡುತ್ತಿದ್ದವು. 1971ರಲ್ಲಿ ತಂದೆ ತೀರಿಕೊಂಡರು. ಅನಂತರ ಬಂದ ಮೂರು ಕಾಗದಗಳು ಇವು. ಮಕ್ಕಳೆಲ್ಲ ತಮಿಳು ಶಾಲೆಯಲ್ಲಿ ಓದಿದವರು. ಯಾರಿಗೂ ಇವು ಅರ್ಥವಾಗಲಿಲ್ಲ. ತವರಿನ ಆಸ್ತಿಯಲ್ಲಿ ಅತ್ತೆ ಪಾಲು ಕೇಳಿರಬೇಕೆಂದು ಮನೆಯಲ್ಲಿ ಯಾರೋ ಊಹಿಸಿದರು. ಹೊರಗಿನವರಿಂದ ಓದಿಸಿದರೆ ಮನೆಯ ಜಗಳ ಊರಿಗೆ ತಿಳಿದೀತೆಂಬ ಸಂಕೋಚ. ಹೀಗಾಗಿ ಉತ್ತರ ಹೋಗಲಿಲ್ಲ. ಕಾಗದಗಳು ಬರುವುದೂ ನಿಂತಿತು.

ಕನ್ನಡಕವನ್ನು ಸರಿಪಡಿಸಿಕೊಂಡು ನಾನು ಓದಿದೆನು. ಮೊದಲಿಗೆ ಆಶೀರ್ವಾದ, ಉಭಯಕುಶಲೋಪರಿ. ಅನಂತರ, ಅಣ್ಣನ ತಿಥಿ ಯಾವ ಮಾಸ, ಯಾವ ಪಕ್ಷ ಎಂದು ತಿಳಿಸಬೇಕು, ತಾನೂ ಆ ದಿನ ಒಂದು ಹೊತ್ತು ಉಪವಾಸವಿರುತ್ತೇನೆ ಎಂಬ ಮಾತು. ಎರಡನೆಯದರಲ್ಲಿಯೂ ಅದೇ ಪ್ರಶ್ನೆ. ಜೊತೆಗೆ ಮಳೆ, ರೇಷ್ಮೆ ನೂಲಿನ ಧಾರಣೆ, ಮಗಳ ಮದುವೆಯ ಸುದ್ದಿ. ಮೂರನೆಯದು ನಾಲ್ಕೇ ಸಾಲು. ಉತ್ತರ ಬಾರದ್ದಕ್ಕೆ ತನ್ನಿಂದ ಏನಾದರೂ ತಪ್ಪಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದು ಬರೆಸಿದ್ದರು. ಆಸ್ತಿಯ ಮಾತು ಮೂರರಲ್ಲಿಯೂ ಇರಲಿಲ್ಲ.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ "ಅಷ್ಟೇನಾ ಬರೆಸಿರೋದು?" ಎಂದು ಕೇಳಿ, ಕಾಗದಗಳನ್ನು ಮಡಿಸಿ ಇಟ್ಟರು. ಅತ್ತೆ ಕಾಲವಾಗಿ ಮೂವತ್ತು ವರ್ಷಗಳಾಗಿವೆಯೆಂದು ಯಾರಿಂದಲೋ ತಿಳಿದಿತ್ತಂತೆ.

ಗಣತಿದಾರನ ಪ್ರಶ್ನೆ

ಅದೇ ಬೀದಿಯಲ್ಲಿ ಕಳೆದ ಗಣತಿಯ ವಿಷಯ ವಿಚಾರಿಸಿದೆನು. ತಾಯ್ನುಡಿ ಯಾವುದೆಂದು ಕೇಳಿದಾಗ ಹಿರಿಯರು ಕನ್ನಡವೆಂದಿದ್ದರು. ಎರಡು ಮನೆ ಆಚೆಗಿರುವ ಅವರ ಸ್ವಂತ ತಮ್ಮ ತಮಿಳು ಎಂದಿದ್ದರು. ಕಾರಣ ಕೇಳಿದರೆ, "ಕೇಳಿದವರು ತಮಿಳಲ್ಲಿ ಕೇಳಿದರು, ಮಕ್ಕಳು ಓದೋದು ತಮಿಳು, ಬೇಗ ಮುಗೀಲಿ ಅಂತ ಹಾಗಂದೆ" ಎಂಬ ಸರಳ ಉತ್ತರ. ಇನ್ನೊಂದು ಮನೆಯವರು ಭಾಷೆಯ ಹೆಸರಿಗೆ ಬದಲಾಗಿ "ದೇವಾಂಗ" ಎಂದು ಜಾತಿಯ ಹೆಸರನ್ನೇ ಹೇಳಿದ್ದರು. ಒಂದೇ ಬೀದಿ, ಒಂದೇ ನುಡಿ, ಮೂರು ಉತ್ತರಗಳು.

ಗಣತಿಯ ನಿಯಮವಾದರೋ ಸ್ಪಷ್ಟವಾಗಿದೆ. ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆಯೇ ತಾಯ್ನುಡಿ. ತಾಯಿ ಶೈಶವದಲ್ಲೇ ತೀರಿಹೋಗಿದ್ದರೆ ಆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಶಾಲೆಯ ಭಾಷೆ, ರಾಜ್ಯದ ಭಾಷೆ, ಅಂಗಡಿಯ ಭಾಷೆ ಯಾವುದೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅವುಗಳಿಗಾಗಿ ಬೇರೊಂದು ಕಲಮು ಇದೆ. ತಾಯ್ನುಡಿಯಲ್ಲದೆ ತಿಳಿದಿರುವ ಇನ್ನೆರಡು ಭಾಷೆಗಳನ್ನು ಅಲ್ಲಿ ಹೇಳಬಹುದು. ಗಣತಿದಾರನು ವಾದಿಸಕೂಡದು, ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಬೇಕು. 2011ರಲ್ಲಿ ಹೀಗೆ ದೇಶದ ಜನರು ಹೇಳಿದ ತಾಯ್ನುಡಿಗಳ ಹೆಸರುಗಳು 19,569. ಅವುಗಳನ್ನು ಪರಿಶೀಲಿಸಿ, ಒಗ್ಗೂಡಿಸಿ, ಕೊನೆಗೆ 121 ಭಾಷೆಗಳ ಪಟ್ಟಿಯನ್ನು ಪ್ರಕಟಿಸಿದರು. ಆದುದರಿಂದ ಕನ್ನಡಿಗರೆಷ್ಟು ಎಂಬ ಸಂಖ್ಯೆಯು ಮನೆಯ ಹೊಸ್ತಿಲಲ್ಲಿ ಅರೆ ನಿಮಿಷದಲ್ಲಿ ಹೇಳಿದ ಉತ್ತರಗಳ ಮೊತ್ತವೇ ಹೊರತು ಬೇರೇನೂ ಅಲ್ಲ.

ಎರಡು ದೂರದ ದೇಶಗಳು

2011ರ ಲೆಕ್ಕದಲ್ಲಿ ತಮಿಳುನಾಡಿನ ಒಟ್ಟು ಕನ್ನಡಿಗರು 12,86,175. ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ 1.78. ಈ ಸಂಖ್ಯೆ ಎಷ್ಟು ದೊಡ್ಡದೆಂಬುದನ್ನು ಮನಗಾಣಲು ದಕ್ಷಿಣ ಅಮೆರಿಕದ ಭೂಪಟವನ್ನೊಮ್ಮೆ ನೋಡೋಣ. ಆ ಖಂಡದ ಉತ್ತರ ಕರಾವಳಿಯಲ್ಲಿ ಗಯಾನಾ, ಸುರಿನಾಮ್ ಎಂಬ ಎರಡು ದೇಶಗಳು ಪಕ್ಕಪಕ್ಕದಲ್ಲಿವೆ. 2012ರ ಗಣತಿಯಲ್ಲಿ ಗಯಾನಾದ ಜನಸಂಖ್ಯೆ 7,46,955, ಸುರಿನಾಮಿನದು 5,41,638. ಎರಡನ್ನೂ ಕೂಡಿಸಿದರೆ 12,88,593. ತಮಿಳುನಾಡಿನ ಕನ್ನಡಿಗರ ಸಂಖ್ಯೆಗೂ ಈ ಎರಡು ದೇಶಗಳ ಒಟ್ಟು ಜನಕ್ಕೂ ಎರಡೂವರೆ ಸಾವಿರದಷ್ಟೂ ವ್ಯತ್ಯಾಸವಿಲ್ಲ!

ಆ ದೇಶಗಳನ್ನು ಇಲ್ಲಿ ನೆನೆಯಲು ಇನ್ನೊಂದು ಕಾರಣವಿದೆ. ಅಲ್ಲಿಯ ಜನರಲ್ಲಿ ದೊಡ್ಡ ಭಾಗ ನಮ್ಮ ದೇಶದಿಂದ ಹೋದವರ ಸಂತತಿ. ಕಬ್ಬಿನ ತೋಟಗಳ ಕೂಲಿಗಾಗಿ ಕರಾರಿನ ಮೇಲೆ 1838ರಿಂದ 1917ರವರೆಗೆ ಗಯಾನಾಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಹಡಗುಗಳಲ್ಲಿ ಸಾಗಿಸಿದರು. ಬಹುಮಂದಿ ಕಲ್ಕತ್ತೆಯಿಂದ, ಒಂದು ಪಾಲು ಮದರಾಸಿನಿಂದ. ಸುರಿನಾಮಿಗೆ 1873ರಿಂದ 1916ರವರೆಗೆ ಹೋದವರು ಸುಮಾರು 34,000. ಇಂದು ಗಯಾನಾದಲ್ಲಿ ನೂರಕ್ಕೆ ಸುಮಾರು ನಲವತ್ತು, ಸುರಿನಾಮಿನಲ್ಲಿ ನೂರಕ್ಕೆ ಸುಮಾರು ಇಪ್ಪತ್ತೇಳು ಮಂದಿ ಭಾರತ ಮೂಲದವರು. ಉಳಿದವರಲ್ಲಿ ಆಫ್ರಿಕದಿಂದ ತಂದ ಗುಲಾಮರ ವಂಶಜರು, ಮೂಲನಿವಾಸಿಗಳು, ಮಿಶ್ರ ಜನ, ಸುರಿನಾಮಿನಲ್ಲಿ ಜಾವಾ ದ್ವೀಪದಿಂದ ಬಂದವರೂ ಇದ್ದಾರೆ.

ಸಂಖ್ಯೆಯಲ್ಲಿ ಗಯಾನಾದ ಭಾರತೀಯರೇ ಹೆಚ್ಚು. ಆದರೆ ಅವರ ಮನೆಮಾತು ಇಂದು ಇಂಗ್ಲಿಷು ಮತ್ತು ಅದರ ಅಲ್ಲಿಯ ಆಡುರೂಪ. ಭೋಜಪುರಿಯೂ ತಮಿಳೂ ಪೂಜೆಯ ಹಾಡುಗಳಲ್ಲಿ, ಅಡುಗೆಯ ಮತ್ತು ನೆಂಟಸ್ತಿಕೆಯ ಕೆಲವು ಪದಗಳಲ್ಲಿ ಉಳಿದಿವೆ, ಮಾತಿನಲ್ಲಿ ಉಳಿಯಲಿಲ್ಲ. ಸುರಿನಾಮಿನಲ್ಲಿಯೂ ಶಾಲೆಯ ಭಾಷೆ ಡಚ್ಚು. ಆದರೂ ಅಲ್ಲಿಯವರು ಮನೆಯಲ್ಲಿ ಆಡುತ್ತ ಬಂದ ಭೋಜಪುರಿ, ಅವಧಿಗಳ ಮಿಶ್ರ ನುಡಿಯು ಸರ್ನಾಮಿ ಎಂಬ ಹೆಸರಿನಿಂದ ಇಂದಿಗೂ ಬದುಕಿದೆ. ರೋಮನ್ ಲಿಪಿಯಲ್ಲಿ ಅದನ್ನು ಬರೆಯುತ್ತಾರೆ, ಅದರಲ್ಲಿ ಕವಿತೆಗಳೂ ಬಂದಿವೆ. ಎರಡು ಲಕ್ಷ ಜನರ ನುಡಿ ಅಳಿಯಿತು, ಮೂವತ್ತನಾಲ್ಕು ಸಾವಿರ ಜನರ ನುಡಿ ಉಳಿಯಿತು. ಸಂಖ್ಯೆಯೊಂದೇ ನುಡಿಯನ್ನು ಕಾಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಮನೆಯಲ್ಲಿ ಆಡುತ್ತಲೇ ಇರಬೇಕು. ಯಾವುದೋ ಒಂದು ಲಿಪಿಯಲ್ಲಿ ಬರೆಯುತ್ತಲೂ ಇರಬೇಕು.

ಸಂಖ್ಯೆ ಏಕೆ ಬೇಕು?

ಹಾಗಾದರೆ ಸಂಖ್ಯೆಗೆ ಬೆಲೆಯೇ ಇಲ್ಲವೆ? ಇದೆ. ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಶಿಕ್ಷಣ ಮಂತ್ರಿಗಳ ಸಮ್ಮೇಳನವು 1949ರಲ್ಲೇ ಒಂದು ಅಳತೆಯನ್ನು ಒಪ್ಪಿತ್ತು: ಇಡೀ ಶಾಲೆಯಲ್ಲಿ ನಲವತ್ತು ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಆ ಭಾಷೆಯ ಉಪಾಧ್ಯಾಯರನ್ನು ಒದಗಿಸಬೇಕು. ಶಿಕ್ಷಕ ತರಬೇತಿಯ ದಿನಗಳಲ್ಲಿ ಈ ಹತ್ತು ನಲವತ್ತರ ಸೂತ್ರವನ್ನು ನಾವು ಬಾಯಿಪಾಠ ಮಾಡಿದ್ದೆವು. ಅದರ ಕಷ್ಟ ತಿಳಿದದ್ದು ಗಾಂಧಿಪುರಂನಲ್ಲಿ.

ಕೊಯಮತ್ತೂರು ಜಿಲ್ಲೆಯ ಎರಡು ಲಕ್ಷ ಕನ್ನಡಿಗರು ನೂರಾರು ಬೀದಿಗಳಲ್ಲಿ ಹರಡಿಕೊಂಡಿದ್ದಾರೆ. ಈ ಬೀದಿಯಲ್ಲಿ ಎರಡು ಮನೆ, ಆ ಹಳ್ಳಿಯಲ್ಲಿ ಒಂದು ಕೇರಿ. ಒಟ್ಟಿನಲ್ಲಿ ಲಕ್ಷಗಟ್ಟಲೆ; ಒಂದು ತರಗತಿಯಲ್ಲಿ ಹುಡುಕಿದರೆ ಮೂವರು. ಆ ಮೂವರ ತಂದೆತಾಯಿಗಳೂ ಅರ್ಜಿಯಲ್ಲಿ ತಾಯ್ನುಡಿ ತಮಿಳು ಎಂದು ಬರೆದಿದ್ದರೆ ಅವರೂ ಇಲ್ಲ. ತಾಳವಾಡಿಯಲ್ಲಿ ಕನ್ನಡ ಶಾಲೆ ಉಳಿದದ್ದಕ್ಕೂ ಇಲ್ಲಿ ಹುಟ್ಟದೆ ಹೋದದ್ದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಅಲ್ಲಿ ಜನ ಒಂದೆಡೆ ಗುಂಪಾಗಿದ್ದಾರೆ, ಇಲ್ಲಿ ಚೆದುರಿದ್ದಾರೆ. ತಮಿಳುನಾಡಿನಲ್ಲಿ 2006ರಲ್ಲಿ ಬಂದ ಕಾನೂನು ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿತು. ಬಾಳುವ ನೆಲದ ಭಾಷೆಯನ್ನು ಚೆನ್ನಾಗಿ ಕಲಿಯುವುದು ಯೋಗ್ಯವೇ. ಇಲ್ಲಿಯ ಕನ್ನಡಿಗರಿಗೆ ತಮಿಳು ಅನ್ನದ ಭಾಷೆ, ನೆರೆಹೊರೆಯ ಭಾಷೆ. ಅದರ ಮೇಲೆ ಮುನಿಸು ಯಾರಲ್ಲಿಯೂ ನನಗೆ ಕಾಣಲಿಲ್ಲ. ಒಂದನ್ನು ಕಲಿಯುವಾಗ ಇನ್ನೊಂದನ್ನು ಕೈಬಿಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಕೈಬಿಟ್ಟದ್ದನ್ನು ಯಾವ ಕಾನೂನೂ ಮರಳಿ ತಂದುಕೊಡಲಾರದು.

ಮಾಡಬಹುದಾದ ಕೆಲಸ

2021ರಲ್ಲಿ ಆಗಬೇಕಿದ್ದ ಗಣತಿಯು ಮುಂದೆ ಹೋಯಿತು. ಹೊಸ ಗಣತಿಗೆ 2027ರ ಮಾರ್ಚ್ 1ನ್ನು ಆಧಾರದಿನವಾಗಿ ಕೇಂದ್ರ ಸರ್ಕಾರವು 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿತು. ತಾಯ್ನುಡಿಯ ಪ್ರಶ್ನೆಗೆ ಉತ್ತರ ಹೇಳುವಾಗ ಜಾತಿಯ ಹೆಸರನ್ನಾಗಲಿ ಶಾಲೆಯ ಭಾಷೆಯನ್ನಾಗಲಿ ಹೇಳದೆ, ತಾಯಿ ಯಾವ ಮಾತಿನಲ್ಲಿ ಲಾಲಿ ಹಾಡಿದಳೋ ಅದನ್ನು ಹೇಳಿದರೆ ಸಾಕು. ಕನ್ನಡವಾದರೆ ಕನ್ನಡ. ತಮಿಳನ್ನು ತಿಳಿದಿರುವ ಇತರ ಭಾಷೆಯ ಕಲಮಿನಲ್ಲಿ ಬರೆಸಬಹುದು. ಎರಡೂ ನಿಜ, ಎರಡಕ್ಕೂ ಜಾಗವಿದೆ.

ಎರಡನೆಯ ಕೆಲಸ ಲಿಪಿಯದು. ತಮಿಳು ಓದಬಲ್ಲ ಮಗುವಿಗೆ ಕನ್ನಡ ಲಿಪಿ ಕಷ್ಟವಲ್ಲ. ಅಕ್ಷರಗಳ ಅನುಕ್ರಮ ಎರಡರಲ್ಲಿಯೂ ಒಂದೇ ಬಗೆಯದು. ಎ ಏ, ಒ ಓ ಎಂಬ ಹ್ರಸ್ವ ದೀರ್ಘಗಳ ಭೇದ, ಳಕಾರ ಎರಡರಲ್ಲಿಯೂ ಉಂಟು. ತಮಿಳಿನಲ್ಲಿ ಒಂದೇ ಅಕ್ಷರ ಮಾಡುವ ಕೆಲಸವನ್ನು ಕನ್ನಡದಲ್ಲಿ ಕ ಖ ಗ ಘ ಎಂಬ ನಾಲ್ಕು ಅಕ್ಷರಗಳು ಹಂಚಿಕೊಂಡಿವೆ ಎಂಬುದೊಂದೇ ಹೊಸದಾಗಿ ತಿಳಿಯಬೇಕಾದ ಮುಖ್ಯ ಸಂಗತಿ. ಮಗುವಿಗೆ ಪದಗಳು ಬಾಯಲ್ಲಿ ಇದ್ದೇ ಇವೆ. ಅಜ್ಜಿ, ಮಗ್ಗ, ನೂಲು, ಗುಡಿ ಎಂಬ ಮನೆಯ ಮಾತುಗಳಿಂದ ಆರಂಭಿಸಿ ದಿನಕ್ಕೊಂದು ಅಕ್ಷರ ಕಲಿಸಿದರೆ ಐವತ್ತು ದಿನಗಳಲ್ಲಿ ವರ್ಣಮಾಲೆ ಮುಗಿಯುತ್ತದೆ. ಅನಂತರ ಕಾಗುಣಿತಕ್ಕೆ ಒಂದು ಬೇಸಗೆ ರಜೆ. ಇದಕ್ಕೆ ಸರ್ಕಾರದ ಮಂಜೂರಾತಿ ಬೇಡ, ಹತ್ತು ಮಕ್ಕಳ ಲೆಕ್ಕವೂ ಬೇಡ. ಗಾಂಧಿಪುರಂನ ನಾಲ್ಕನೆಯ ಬೀದಿಯಲ್ಲೋ ಐದನೆಯ ಬೀದಿಯಲ್ಲೋ ಒಂದು ಮನೆಯ ಜಗಲಿ, ಒಂದು ಭಾನುವಾರದ ಬೆಳಗು, ಅಕ್ಷರ ಬಲ್ಲ ಒಬ್ಬರು ಇದ್ದರೆ ಆದೀತು. ವರ್ಗವಾಗಿ ಬಂದಿರುವ ಬ್ಯಾಂಕಿನವರೂ ಹೋಟೆಲಿನವರೂ ಆ ಒಬ್ಬರಾಗಬಲ್ಲರು. ಹೊಸದಾಗಿ ಬಂದ ಕನ್ನಡಿಗರಿಗೂ ಮುನ್ನೂರು ವರ್ಷಗಳಿಂದ ಇರುವ ಕನ್ನಡಿಗರಿಗೂ ಪರಸ್ಪರ ಪರಿಚಯವೇ ಇಲ್ಲದಿರುವುದು ಈ ನಗರದಲ್ಲಿ ನಾನು ಕಂಡ ದೊಡ್ಡ ಕೊರತೆ.

ನೇಕಾರ ಹಿರಿಯರ ಮೊಮ್ಮಗಳು ಎಂಟನೆಯ ತರಗತಿಯ ಹುಡುಗಿ. ನಾನು ಕಾಗದ ಓದುವಾಗ ಕಂಬಕ್ಕೊರಗಿ ಕೇಳುತ್ತಿದ್ದಳು. ಹೊರಡುವ ಮುನ್ನ ಆಕೆ ತನ್ನ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದು, ಮನೆಯವರೆಲ್ಲರ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಡಿರೆಂದಳು. ಬರೆದುಕೊಟ್ಟೆನು. ಅವುಗಳ ಕೆಳಗೆ ಕೊಳ್ಳೇಗಾಲದ ಅಜ್ಜಿಯ ಹೆಸರೂ ಇರಲೆಂದು ಹಿರಿಯರು ಹೇಳಿದರು. ಏಳು ಹೆಸರುಗಳಲ್ಲಿ ಸುಮಾರು ಇಪ್ಪತ್ತು ಅಕ್ಷರಗಳಾದವು. ಉಳಿದವನ್ನು ಅವಳಿಗೆ ಕಲಿಸಲು ಅಂಚೆಯಲ್ಲಿ ಒಂದು ಒಂದನೆಯ ತರಗತಿಯ ಪಠ್ಯಪುಸ್ತಕವನ್ನು ಕಳುಹಿಸಿದ್ದೇನೆ.